ತಿಂದ ಕೊಬ್ಬು ಮೈಗೆ ಹತ್ತದಿದ್ದರೆ: ದೋಷ ಕರುಳಿನ ಪೊಳ್ಳಿನಲ್ಲೋ, ಕೋಶದ ಒಳಗೋ?

ಆಹಾರದ ಕೊಬ್ಬು ಮೈಗೆ ಹತ್ತುತ್ತಿಲ್ಲ ಎಂಬ ಅನುಮಾನ ಬಂದಾಗ ಹೆಚ್ಚಿನವರು ಮೊದಲು ಗಮನಿಸುವುದು ಮಲವನ್ನು, ಆಮೇಲೆ ತೂಕವನ್ನು. ಇವೆರಡೂ ದೋಷ ಇದೆ ಎಂದು ಹೇಳುತ್ತವೆಯೇ ಹೊರತು ಅದು ಎಲ್ಲಿದೆ ಎಂದು ಹೇಳುವುದಿಲ್ಲ. ಕೊಬ್ಬನ್ನು ಒಡೆಯುವ ಕಿಣ್ವಗಳು ಕರುಳಿನ ಪೊಳ್ಳಿನಲ್ಲಿ ಕೆಲಸ ಮಾಡುತ್ತವೆ. ಒಡೆದ ಚೂರುಗಳನ್ನು ಮತ್ತೆ ಕೊಬ್ಬಾಗಿ ಕಟ್ಟುವ ಕಿಣ್ವಗಳು ಕರುಳಿನ ಒಳಗೋಡೆಯ ಜೀವಕೋಶಗಳ ಒಳಗೆ, ಎಂಡೋಪ್ಲಾಸ್ಮಿಕ್ ಜಾಲವೆಂಬ ಪೊರೆಗಳ ಮೇಲೆ ಕೆಲಸ ಮಾಡುತ್ತವೆ. ಈ ಎರಡು ಜಾಗಗಳ ದೋಷಗಳು ತೋರುವ ಲಕ್ಷಣಗಳು ಒಂದೇ ಅಲ್ಲ, ಚಿಕಿತ್ಸೆಯಂತೂ ಬೇರೆಯೇ. ಆದ್ದರಿಂದ ಅಗ್ಗದ ತಪಾಸಣೆಯಿಂದ ಆರಂಭಿಸಿ, ಪೊಳ್ಳನ್ನು ಮೊದಲು ಪರೀಕ್ಷಿಸಿ, ಕೋಶದ ಒಳಗನ್ನು ಕೊನೆಗೆ ಪರೀಕ್ಷಿಸುವ ಕ್ರಮವನ್ನು ಇಲ್ಲಿ ಅನುಸರಿಸಲಾಗಿದೆ. ಶಿಶುಗಳ ವಿಷಯದಲ್ಲಿ ಮಾತ್ರ ಈ ಕ್ರಮ ಸಡಿಲವಾಗುತ್ತದೆ, ಏಕೆಂದರೆ ಅವರಿಗೆ ಕಾಯುವಷ್ಟು ಸಮಯವಿರುವುದಿಲ್ಲ.

ಕೊಬ್ಬು ಸಾಗುವ ದಾರಿ

ಮುಂದಿನ ಪ್ರತಿಯೊಂದು ತಪಾಸಣೆಯೂ ಈ ದಾರಿಯ ಒಂದಲ್ಲ ಒಂದು ಹಂತವನ್ನು ಪ್ರಶ್ನಿಸುವುದರಿಂದ ಇದನ್ನು ಸ್ವಲ್ಪ ನಿಧಾನವಾಗಿ ಓದಬೇಕು. ಆಹಾರದ ಕೊಬ್ಬಿನ ಬಹುಪಾಲು ಟ್ರೈಗ್ಲಿಸರೈಡ್ ರೂಪದಲ್ಲಿರುತ್ತದೆ, ಅಂದರೆ ಗ್ಲಿಸರಾಲ್ ಎಂಬ ಬೆನ್ನೆಲುಬಿಗೆ ಮೂರು ಕೊಬ್ಬಿನಾಮ್ಲಗಳು ಅಂಟಿಕೊಂಡಿರುತ್ತವೆ. ಮೇದೋಜೀರಕ ಗ್ರಂಥಿಯಿಂದ ಬರುವ ಲೈಪೇಸ್ ಕಿಣ್ವ ಎರಡು ತುದಿಗಳ ಆಮ್ಲಗಳನ್ನು ಕತ್ತರಿಸುತ್ತದೆ. ನಡುವಿನ ಆಮ್ಲವೊಂದನ್ನು ಹೊತ್ತ ಮಾನೋಗ್ಲಿಸರೈಡ್ ಉಳಿಯುತ್ತದೆ. ಈ ಚೂರುಗಳು ನೀರಿನಲ್ಲಿ ಸುಲಭವಾಗಿ ಕರಗದ ಕಾರಣ ಪಿತ್ತರಸದ ಲವಣಗಳು ಅವನ್ನು ಸಣ್ಣ ಸಣ್ಣ ಕಣಗಳಲ್ಲಿ ಸುತ್ತಿ ಕರುಳಿನ ಗೋಡೆಯವರೆಗೆ ಒಯ್ಯುತ್ತವೆ. ಇಲ್ಲಿಯವರೆಗಿನದೆಲ್ಲ ಪೊಳ್ಳಿನ ಕೆಲಸ.

ಕೋಶದ ಒಳಹೊಕ್ಕ ಚೂರುಗಳನ್ನು ವಾಹಕ ಪ್ರೋಟೀನುಗಳು ಎಂಡೋಪ್ಲಾಸ್ಮಿಕ್ ಜಾಲದ ನುಣುಪು ಭಾಗಕ್ಕೆ ತಲುಪಿಸುತ್ತವೆ. ಕೊಬ್ಬಿನಾಮ್ಲವು ಕೋಎನ್‌ಜೈಮ್-ಎ ಜೊತೆ ಸೇರಿ ಸಕ್ರಿಯವಾದ ಬಳಿಕ, ಎಂಜಿಎಟಿ-2 ಎಂಬ ಕಿಣ್ವ ಮಾನೋಗ್ಲಿಸರೈಡಿಗೆ ಎರಡನೆಯ ಆಮ್ಲವನ್ನು ಜೋಡಿಸುತ್ತದೆ. ಡಿಜಿಎಟಿ ಎಂಬ ಕಿಣ್ವ ಮೂರನೆಯದನ್ನು ಜೋಡಿಸಿ ಟ್ರೈಗ್ಲಿಸರೈಡನ್ನು ಪೂರ್ತಿಗೊಳಿಸುತ್ತದೆ. ಊಟದ ನಂತರ ಕರುಳಿನ ಕೋಶ ಕಟ್ಟುವ ಕೊಬ್ಬಿನ ಸುಮಾರು ಮುಕ್ಕಾಲು ಪಾಲು ಅಥವಾ ಅದಕ್ಕೂ ಹೆಚ್ಚು ಈ ಮೊಟಕು ದಾರಿಯಲ್ಲೇ ತಯಾರಾಗುತ್ತದೆ. ಉಳಿದದ್ದು ಗ್ಲಿಸರಾಲ್ ಫಾಸ್ಫೇಟಿನಿಂದ ಹೊರಡುವ ಸುತ್ತುದಾರಿಯಲ್ಲಿ ತಯಾರಾಗುತ್ತದೆ. ಯಕೃತ್ತು ಮತ್ತು ಮೇದಸ್ಸಿನ ಅಂಗಾಂಶಗಳಿಗೆ ಮುಖ್ಯವಾದದ್ದು ಆ ದಾರಿ. ಆದರೆ ಎರಡು ದಾರಿಗಳ ಕೊನೆಯ ಹೆಜ್ಜೆ ಒಂದೇ, ಅದು ಡಿಜಿಎಟಿ.

ಡಿಜಿಎಟಿಯಲ್ಲಿ ಎರಡು ಬಗೆಗಳಿವೆ. ಡಿಜಿಎಟಿ-1ರ ವಂಶವಾಹಿ 1998ರಲ್ಲಿಯೂ ಡಿಜಿಎಟಿ-2ರದ್ದು 2001ರಲ್ಲಿಯೂ ಗುರುತಿಸಲ್ಪಟ್ಟವು. ಒಂದೇ ಕೆಲಸ ಮಾಡಿದರೂ ಇವು ಒಂದೇ ಮನೆತನದವಲ್ಲ. ಮೊದಲನೆಯದು ಪೊರೆಯನ್ನು ಹಲವು ಬಾರಿ ಹೊಲಿದಂತೆ ಹಾದುಹೋಗುತ್ತದೆ. ಎರಡನೆಯದು ಕೂದಲಿನ ಪಿನ್ನಿನಂತೆ ಪೊರೆಯೊಳಗೆ ಬಾಗಿ, ಎರಡೂ ತುದಿಗಳನ್ನು ಕೋಶದ್ರವದ ಕಡೆಗೆ ಚಾಚಿಕೊಂಡಿರುತ್ತದೆ ಮತ್ತು ಅಗತ್ಯ ಬಿದ್ದಾಗ ಕೊಬ್ಬಿನ ಹನಿಗಳ ಮೇಲ್ಮೈಗೂ ಸರಿಯಬಲ್ಲದು. ಮನುಷ್ಯರ ಕರುಳಿನಲ್ಲಿ ಡಿಜಿಎಟಿ-2 ಬಹಳ ಕಡಿಮೆ. ಈ ಚಿಕ್ಕ ಸಂಗತಿಯೇ ಮುಂದೆ ಶಿಶುಗಳ ವಿಷಯಕ್ಕೆ ಬಂದಾಗ ದೊಡ್ಡದಾಗುತ್ತದೆ.

ಕಟ್ಟಿದ ಕೊಬ್ಬಿಗೆ ಎರಡು ಗತಿಗಳಿವೆ. ಪೊರೆಯ ಹೊರಬದಿಗೆ ಸರಿದರೆ ಅದು ಕೋಶದ್ರವದಲ್ಲಿ ಹನಿಯಾಗಿ ಶೇಖರವಾಗುತ್ತದೆ. ಜಾಲದ ಒಳಬದಿಗೆ ಸರಿದರೆ ಎಂಟಿಪಿ ಎಂಬ ವರ್ಗಾವಣೆ ಪ್ರೋಟೀನು ಅದನ್ನು ಅಪೋ-ಬಿ48 ಎಂಬ ಪ್ರೋಟೀನಿನ ಮೇಲೆ ಹೇರಿ ಕೈಲೋಮೈಕ್ರಾನ್ ಎಂಬ ಸಾಗಣೆ ಕಣವನ್ನು ರೂಪಿಸುತ್ತದೆ. ಆ ಕಣ ಕೋಶಿಕೆ ಎಂಬ ಪುಟ್ಟ ಪೊರೆಚೀಲದಲ್ಲಿ ಕುಳಿತು ಗಾಲ್ಗಿ ಎಂಬ ಕೋಶದೊಳಗಿನ ರವಾನೆ ಕೇಂದ್ರಕ್ಕೆ, ಅಲ್ಲಿಂದ ಕೋಶದ ತಳಬದಿಗೆ, ಅಲ್ಲಿಂದ ದುಗ್ಧರಸ ಹರಿಯುವ ದುಗ್ಧನಾಳಕ್ಕೆ, ಕೊನೆಗೆ ರಕ್ತಕ್ಕೆ ಸೇರುತ್ತದೆ. ಹೀಗಾಗಿ ಕೋಶದೊಳಗಿನ ದೋಷವೆಂದರೆ ಮೂರು ಠಾಣೆಗಳಲ್ಲಿ ಒಂದು ಕೆಟ್ಟಿದೆ ಎಂದರ್ಥ: ಕಟ್ಟುವುದು, ಹೇರುವುದು, ಕಳುಹಿಸುವುದು.

ತಪಾಸಣೆಯನ್ನು ಬದಿಗಿಟ್ಟು ಕೂಡಲೇ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

ಭೇದಿಯಾಗುತ್ತಿರುವ ಶಿಶು ಹಾಲು ಕುಡಿಯಲು ನಿರಾಕರಿಸುವುದು, ಆರು ಗಂಟೆಗಳಿಗೂ ಹೆಚ್ಚು ಕಾಲ ಮೂತ್ರ ಮಾಡದಿರುವುದು, ಅದರ ನೆತ್ತಿ ಕುಳಿಬೀಳುವುದು ಅಥವಾ ಮಗು ಜಡವಾಗುವುದು ತುರ್ತು ಸ್ಥಿತಿಗಳು. ಎರಡು ವಾರ ಕಳೆದರೂ ಶಿಶುವಿನ ಕಾಮಾಲೆ ಇಳಿಯದಿದ್ದರೆ, ಅಥವಾ ಯಾವುದೇ ವಯಸ್ಸಿನ ಶಿಶುವಿನ ಮಲ ಸುಣ್ಣದಂತೆ ಬೆಳ್ಳಗಾಗಿದ್ದರೆ, ಪಿತ್ತನಾಳಗಳು ಮುಚ್ಚಿಹೋಗಿರುವ ಸಾಧ್ಯತೆಯನ್ನು ಅದೇ ದಿನ ಪರೀಕ್ಷಿಸಬೇಕು. ಅದಕ್ಕೆ ಬೇಕಾದ ಶಸ್ತ್ರಚಿಕಿತ್ಸೆ ಸುಮಾರು 60 ದಿನಗಳೊಳಗೆ ನಡೆದರೆ ಫಲ ಹೆಚ್ಚು. ವಯಸ್ಕರಲ್ಲಿ ಮಲದಲ್ಲಿ ರಕ್ತ, ಬೆನ್ನಿಗೆ ಹಬ್ಬುವ ತೀವ್ರ ಹೊಟ್ಟೆನೋವು, ಹೊಸದಾಗಿ ಕಾಣಿಸಿಕೊಂಡ ಕಾಮಾಲೆ, ಕಾರಣವಿಲ್ಲದೆ ಇಳಿಯುವ ತೂಕ, ಅಥವಾ ಸಣ್ಣ ಪೆಟ್ಟಿಗೂ ಮೈ ಕಂದುಗಟ್ಟುವುದು ಕಂಡರೆ ಮನೆಯ ತಪಾಸಣೆಗಳನ್ನು ಅಲ್ಲಿಗೇ ನಿಲ್ಲಿಸಬೇಕು. ಕೊನೆಯ ಲಕ್ಷಣ ವಿಟಮಿನ್ ಕೆ ಕೊರತೆಯದ್ದಾಗಿರಬಹುದು. ಅಂಥವರಿಗೆ ರಕ್ತ ಹೆಪ್ಪುಗಟ್ಟುವ ಸಮಯವನ್ನು ಅಳೆಯದೆ ಬಯಾಪ್ಸಿ ಮಾಡಬಾರದು.

ಲಕ್ಷಣ: ಮಲ ತೇಲುತ್ತದೆ, ಜಿಡ್ಡಾಗಿದೆ, ನೀರು ಹಾಕಿದರೂ ಹೋಗುವುದಿಲ್ಲ

ತೇಲುವುದನ್ನು ಮಾತ್ರ ನೋಡಿ ತೀರ್ಮಾನಕ್ಕೆ ಬರುವಂತಿಲ್ಲ. ಮಲ ತೇಲುವುದಕ್ಕೆ ಅದರಲ್ಲಿ ಸಿಕ್ಕಿಕೊಂಡ ಅನಿಲವೇ ಕಾರಣ, ಕೊಬ್ಬಲ್ಲ ಎಂಬುದನ್ನು 1972ರಲ್ಲೇ ಪ್ರಯೋಗದಿಂದ ತೋರಿಸಲಾಗಿದೆ. ನೀರಿನ ಮೇಲೆ ಎಣ್ಣೆಯ ಪದರ ಹರಡುವುದು, ಮಲ ಮಸುಕಾದ ಬಣ್ಣದಲ್ಲಿ ಹೆಚ್ಚು ಪ್ರಮಾಣದಲ್ಲಿ ಬರುವುದು, ಪಾತ್ರೆಗೆ ಅಂಟಿಕೊಳ್ಳುವುದು, ಕಮಟು ವಾಸನೆ ಹೊಡೆಯುವುದು, ಇವು ಒಟ್ಟಿಗೆ ಕಂಡಾಗ ಅನುಮಾನಕ್ಕೆ ಬಲ ಬರುತ್ತದೆ.

ಖರ್ಚಿಲ್ಲದ ಮೊದಲ ತಪಾಸಣೆ ಎಂದರೆ ಬಾಯಿಗೆ ಹೋಗುತ್ತಿರುವ ಎಲ್ಲದರ ಪಟ್ಟಿ. ತೂಕ ಇಳಿಸಲು ಕೊಡುವ ಆರ್ಲಿಸ್ಟಾಟ್ ಲೈಪೇಸನ್ನೇ ತಡೆಯುವ ಔಷಧಿ. ಅದನ್ನು ಸೇವಿಸುವವರಲ್ಲಿ ಎಣ್ಣೆ ಸೋರುವುದು ಔಷಧಿ ಕೆಲಸ ಮಾಡುತ್ತಿರುವುದರ ಗುರುತೇ ಹೊರತು ರೋಗವಲ್ಲ. ಮಲಬದ್ಧತೆಗೆ ಕುಡಿಯುವ ಖನಿಜ ತೈಲವೂ ಹೀಗೇ ಕಾಣಿಸಿಕೊಳ್ಳುತ್ತದೆ. ಕೊಲೆಸ್ಟ್ರಾಲ್ ತಗ್ಗಿಸಲು ಕೊಡುವ ಕೊಲೆಸ್ಟಿರಮೈನ್ ಪಿತ್ತ ಲವಣಗಳನ್ನು ಹಿಡಿದಿಡುತ್ತದೆ. ಆನುವಂಶಿಕವಾಗಿ ಕೊಲೆಸ್ಟ್ರಾಲ್ ವಿಪರೀತ ಏರಿರುವವರಿಗೆ ಕೊಡುವ ಲೋಮಿಟಾಪೈಡ್, ಈ ಪಟ್ಟಿಯಲ್ಲಿ ಕೋಶದೊಳಗೆ ನುಗ್ಗಿ ಎಂಟಿಪಿಯನ್ನು ತಡೆಯುವ ಔಷಧಿ. ಅದನ್ನು ತೆಗೆದುಕೊಳ್ಳುವವರು ಕೊಬ್ಬು ಹೆಚ್ಚಿರುವ ಊಟ ಮಾಡಿದರೆ ಭೇದಿಯಾಗುತ್ತದೆ. ಆದರೆ ಕಾರಣ ಸಿಕ್ಕಿತೆಂದು ವೈದ್ಯರು ಬರೆದುಕೊಟ್ಟ ಔಷಧಿಯನ್ನು ತಾವಾಗಿಯೇ ನಿಲ್ಲಿಸಬಾರದು.

ಪಟ್ಟಿಯಲ್ಲಿ ಏನೂ ಸಿಗದಿದ್ದರೆ ಮಲ ಪರೀಕ್ಷೆಗೆ ಮುಂದುವರಿಯಬೇಕು. ಜಿಯಾರ್ಡಿಯಾ ಎಂಬ ಪರಾವಲಂಬಿಯ ಪರೀಕ್ಷೆ ಅಗ್ಗ. ಅದು ಸಿಕ್ಕಿದರೆ ಚಿಕಿತ್ಸೆಯೂ ಸರಳ. ಸೂಡಾನ್ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ಕೊಬ್ಬಿನ ಹನಿಗಳನ್ನು ನೋಡುವ ಪರೀಕ್ಷೆ ಹಳೆಯದಾದರೂ ಉಪಯುಕ್ತ, ಏಕೆಂದರೆ ಅದು ಒಂದು ಸುಳಿವನ್ನು ಹೆಚ್ಚಿಗೆ ಕೊಡುತ್ತದೆ: ಒಡೆಯದ ಕೊಬ್ಬೇ ಹೆಚ್ಚಾಗಿ ಕಂಡರೆ ಲೈಪೇಸಿನ ಕೊರತೆಯ ಕಡೆಗೂ, ಒಡೆದ ಕೊಬ್ಬಿನಾಮ್ಲಗಳೇ ಹೆಚ್ಚಾಗಿ ಕಂಡರೆ ಗೋಡೆಯ ಅಥವಾ ಕೋಶದ ದೋಷದ ಕಡೆಗೂ ಬೆರಳು ತೋರಿಸುತ್ತದೆ. ಇದು ಸುಳಿವು ಮಾತ್ರ. ಇದರ ಮೇಲೆಯೇ ರೋಗ ನಿರ್ಣಯವನ್ನು ನಿಲ್ಲಿಸುವಂತಿಲ್ಲ.

ನಿಖರ ಅಳತೆ ಬೇಕಾದರೆ ದಿನಕ್ಕೆ 100 ಗ್ರಾಂ ಕೊಬ್ಬು ತಿನ್ನಿಸುತ್ತಾ 72 ಗಂಟೆಗಳ ಮಲವನ್ನು ಸಂಗ್ರಹಿಸಿ ಅಳೆಯಲಾಗುತ್ತದೆ. ವಯಸ್ಕರಲ್ಲಿ ದಿನಕ್ಕೆ 7 ಗ್ರಾಂಗಿಂತ ಹೆಚ್ಚು ಕೊಬ್ಬು ಹೊರಹೋದರೆ ಅದು ಅಸಹಜ. ರೋಗಿಗೂ ಬೇಡ, ಪ್ರಯೋಗಾಲಯದವರಿಗೂ ಬೇಡ ಎಂಬಂಥ ಪರೀಕ್ಷೆ ಇದು. ಇದರಲ್ಲಿ ಎರಡು ಎಡವಟ್ಟುಗಳಿವೆ. ಭಯದಿಂದ ಕೊಬ್ಬನ್ನೇ ಬಿಟ್ಟವರಲ್ಲಿ ದೋಷವಿದ್ದರೂ ಅಂಕಿ ಸಹಜವಾಗಿ ಬರುತ್ತದೆ. ಯಾವುದೇ ಕಾರಣದಿಂದ ನೀರುಭೇದಿಯಾಗುತ್ತಿರುವವರಲ್ಲಿ ಹೀರುವಿಕೆಯ ಮೂಲದೋಷವಿಲ್ಲದಿದ್ದರೂ ಅಂಕಿ 7ನ್ನು ದಾಟಬಹುದು.

ಮೇದೋಜೀರಕ ಗ್ರಂಥಿಯ ಶಕ್ತಿಯನ್ನು, ಅದೇ ಸ್ರವಿಸುವ ಎಲಾಸ್ಟೇಸ್ ಎಂಬ ಕಿಣ್ವವನ್ನು ಮಲದಲ್ಲಿ ಅಳೆಯುವ ಪರೀಕ್ಷೆ ಅಂದಾಜಿಸುತ್ತದೆ. ಪ್ರತಿ ಗ್ರಾಂ ಮಲದಲ್ಲಿ 200 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಅನುಮಾನ, 100ಕ್ಕಿಂತ ಕಡಿಮೆ ಇದ್ದರೆ ಗಂಭೀರ ಕೊರತೆಯ ಸೂಚನೆ. ಮಾದರಿ ನೀರಾಗಿದ್ದರೆ ಎಲಾಸ್ಟೇಸ್ ತೆಳುವಾಗಿ ಅಂಕಿ ಸುಳ್ಳುಸುಳ್ಳೇ ಕೆಳಗಿಳಿಯುತ್ತದೆ. ಗಟ್ಟಿ ಮಾದರಿಯಲ್ಲಿ ಮತ್ತೊಮ್ಮೆ ಮಾಡಿಸದೆ ನಂಬಬಾರದು. ಮಕ್ಕಳಲ್ಲಿ ಅಂಕಿ ನಿಜವಾಗಿಯೂ ಕಡಿಮೆ ಇದ್ದು ಪದೇ ಪದೇ ಎದೆಯ ಸೋಂಕೂ ಆಗುತ್ತಿದ್ದರೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗ ಇರಬಹುದೇ ಎಂದು ಬೆವರಿನ ಕ್ಲೋರೈಡ್ ಅಳೆಯಬೇಕು. ಲೀಟರಿಗೆ 60 ಮಿಲಿಮೋಲ್ ಅಥವಾ ಹೆಚ್ಚು ಇದ್ದರೆ ಆ ಅನುಮಾನ ಗಟ್ಟಿಯಾಗುತ್ತದೆ.

ಲಕ್ಷಣ: ಮಲ ಬಿಳಿಚಿದೆ, ಮೂತ್ರ ಕಂದಾಗಿದೆ, ಮೈ ತುರಿಸುತ್ತದೆ

ಇದು ಪಿತ್ತರಸ ಕರುಳಿಗೆ ಬರುತ್ತಿಲ್ಲ ಎಂಬುದರ ಲಕ್ಷಣ. ಲೈಪೇಸ್ ಚೂರು ಮಾಡಿದ್ದನ್ನು ಗೋಡೆಗೆ ಒಯ್ಯುವವರು ಇಲ್ಲವಾಗಿದ್ದಾರೆ. ರಕ್ತದಲ್ಲಿ ಬಿಲಿರುಬಿನ್ ಮತ್ತು ಯಕೃತ್ತಿನ ಕಿಣ್ವಗಳ ಪರೀಕ್ಷೆ, ಹೊಟ್ಟೆಯ ಅಲ್ಟ್ರಾಸೌಂಡ್, ಇಷ್ಟರಲ್ಲೇ ದಾರಿ ಸ್ಪಷ್ಟವಾಗುತ್ತದೆ; ಕೋಶದೊಳಗಿನ ಕಿಣ್ವಗಳನ್ನು ಇಲ್ಲಿ ಅನುಮಾನಿಸುವ ಅಗತ್ಯವಿಲ್ಲ. ಕಾಮಾಲೆ ಇಲ್ಲದೆಯೂ ಪಿತ್ತ ಲವಣಗಳ ಕೊರತೆ ಆಗುವ ಒಂದು ಸಂದರ್ಭವನ್ನು ನೆನಪಿಡಬೇಕು: ಸಣ್ಣ ಕರುಳಿನ ಕೊನೆಯ ಭಾಗವನ್ನು 100 ಸೆಂಟಿಮೀಟರಿಗಿಂತ ಹೆಚ್ಚು ಕತ್ತರಿಸಿ ತೆಗೆದವರಲ್ಲಿ ಲವಣಗಳು ಮರಳಿ ಹೀರಲ್ಪಡದೆ ಬರಿದಾಗುತ್ತವೆ.

ಲಕ್ಷಣ: ರಕ್ತಹೀನತೆ, ಹೊಟ್ಟೆ ಉಬ್ಬರ, ನಿಧಾನವಾಗಿ ಇಳಿಯುವ ತೂಕ

ಕಬ್ಬಿಣದ ಮಾತ್ರೆ ನುಂಗಿದರೂ ಏರದ ಹಿಮೋಗ್ಲೋಬಿನ್ ಜೊತೆಗೆ ಮಲ ಜಿಡ್ಡಾಗಿದ್ದರೆ ಗೋಡೆಯೇ ಹಾಳಾಗಿರಬಹುದು. ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟೆನ್‌ನಿಂದ ಕೆರಳುವ ಸೀಲಿಯಾಕ್ ರೋಗದಲ್ಲಿ ಕರುಳಿನ ಬೆರಳಿನಾಕಾರದ ಅಂಗುಲಿಕೆಗಳು ಸವೆದು ಚಪ್ಪಟೆಯಾಗುತ್ತವೆ. ಕೊಬ್ಬನ್ನು ಹೀರಿ ಕಟ್ಟುವ ಕೆಲಸ ಮುಖ್ಯವಾಗಿ ನಡೆಯುವುದು ಅಂಗುಲಿಕೆಗಳ ಮೇಲ್ಭಾಗದ ಬಲಿತ ಕೋಶಗಳಲ್ಲಿ. ಆ ಕೋಶಗಳೇ ಉದುರಿಹೋದಾಗ ಎಂಜಿಎಟಿ ಮತ್ತು ಡಿಜಿಎಟಿಗಳ ವಂಶವಾಹಿಗಳು ಸರಿಯಾಗಿದ್ದರೂ ಕಿಣ್ವಗಳು ನೆಲೆ ನಿಲ್ಲುವ ಪೊರೆಯೇ ಇಲ್ಲದಂತಾಗುತ್ತದೆ. ಕಿಣ್ವ ಇಲ್ಲದಿರುವುದಕ್ಕೂ ಅದರ ಜಾಗ ಇಲ್ಲದಿರುವುದಕ್ಕೂ ಇರುವ ಈ ವ್ಯತ್ಯಾಸ ಚಿಕಿತ್ಸೆಯಲ್ಲಿ ಬಹಳ ದೊಡ್ಡದು: ಗ್ಲುಟೆನ್ ನಿಲ್ಲಿಸಿದರೆ ಅಂಗುಲಿಕೆಗಳು ಮತ್ತೆ ಬೆಳೆಯುತ್ತವೆ.

ಟಿಶ್ಯೂ ಟ್ರಾನ್ಸ್‌ಗ್ಲುಟಾಮಿನೇಸ್ ವಿರುದ್ಧದ ಐಜಿಎ ಪ್ರತಿಕಾಯವನ್ನು ರಕ್ತದಲ್ಲಿ ನೋಡಿಸುವಾಗ ಒಟ್ಟು ಐಜಿಎ ಪ್ರಮಾಣವನ್ನೂ ಜೊತೆಗೇ ಕೇಳಬೇಕು, ಏಕೆಂದರೆ ಹುಟ್ಟಿನಿಂದಲೇ ಐಜಿಎ ಕೊರತೆ ಇರುವವರಲ್ಲಿ ಪರೀಕ್ಷೆ ಸುಳ್ಳು ಭರವಸೆ ಕೊಡುತ್ತದೆ. ಪರೀಕ್ಷೆಗೆ ಮೊದಲೇ ಗ್ಲುಟೆನ್ ಬಿಟ್ಟುಬಿಡುವುದು ರೋಗಿಗಳು ಮಾಡುವ ಅತಿ ಸಾಮಾನ್ಯ ತಪ್ಪು. ಹಾಗೆ ಮಾಡಿದರೆ ರಕ್ತ ಪರೀಕ್ಷೆಯೂ ಬಯಾಪ್ಸಿಯೂ ದಾರಿ ತಪ್ಪಿಸುತ್ತವೆ.

ಲಕ್ಷಣ: ಹುಟ್ಟಿದ ಕೆಲವೇ ದಿನ ಅಥವಾ ವಾರಗಳಲ್ಲಿ ಭೇದಿ, ವಾಂತಿ, ಊತ

ಕಟ್ಟುವ ಠಾಣೆಯ ದೋಷ ಕಾಣಿಸಿಕೊಳ್ಳುವುದು ಇಲ್ಲಿ, ಮತ್ತು ಅದು ನಾವು ನಿರೀಕ್ಷಿಸುವ ರೂಪದಲ್ಲಿ ಕಾಣಿಸಿಕೊಳ್ಳುವುದಿಲ್ಲ. ಕೊಬ್ಬು ಕಟ್ಟುವ ಕಿಣ್ವ ಕೆಟ್ಟರೆ ಮಲದಲ್ಲಿ ಎಣ್ಣೆ ತೇಲಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಡಿಜಿಎಟಿ-1 ಕೊರತೆಯ ಶಿಶುಗಳಲ್ಲಿ ಎದ್ದು ಕಾಣುವುದು ನೀರುಭೇದಿ, ವಾಂತಿ, ಬೆಳವಣಿಗೆ ಕುಂಠಿತವಾಗುವುದು, ಮತ್ತು ಕರುಳಿನ ಮೂಲಕ ಪ್ರೋಟೀನು ಸೋರಿಹೋಗುವುದು. ರಕ್ತದಲ್ಲಿ ಆಲ್ಬುಮಿನ್ ಇಳಿದು ಮುಖ ಮತ್ತು ಕಾಲುಗಳಲ್ಲಿ ಊತ ಬರುತ್ತದೆ. ಐಜಿಜಿ ಪ್ರತಿಕಾಯಗಳೂ ಇಳಿಯುವುದರಿಂದ ಸೋಂಕುಗಳು ಬೇಗ ತಗಲುತ್ತವೆ.

ಇದಕ್ಕೆ ಕಾರಣ ತಿಳಿಯಬೇಕಾದರೆ, ಒಡೆದದ್ದನ್ನು ಕೋಶ ಮತ್ತೆ ಏಕೆ ಕಟ್ಟುತ್ತದೆ ಎಂಬ ಪ್ರಶ್ನೆಗೆ ಮರಳಬೇಕು. ಬಿಡಿ ಕೊಬ್ಬಿನಾಮ್ಲವು ಸಾಬೂನಿನ ಸ್ವಭಾವದ್ದು, ಪೊರೆಗಳನ್ನು ಕದಡಬಲ್ಲದು. ಅದನ್ನು ಟ್ರೈಗ್ಲಿಸರೈಡಾಗಿ ಕಟ್ಟಿದ ಮೇಲೆಯೇ ಅದು ನಿರಪಾಯಕಾರಿ. ಅಂದರೆ ಡಿಜಿಎಟಿ ಸಾಗಣೆಗೆ ಸರಕು ತಯಾರಿಸುವ ಜೊತೆಗೆ ಕೋಶವನ್ನು ಆ ಸರಕಿನಿಂದಲೇ ಕಾಪಾಡುತ್ತದೆ. ಅದು ಇಲ್ಲವಾದಾಗ ಹಾಲಿನ ಕೊಬ್ಬೇ ಕರುಳಿನ ಕೋಶಗಳಿಗೆ ಪೆಟ್ಟು ಕೊಡುತ್ತದೆ, ಗೋಡೆ ಸೋರಲಾರಂಭಿಸುತ್ತದೆ. ಈ ರೋಗವನ್ನು ಮನುಷ್ಯರಲ್ಲಿ ಮೊದಲು ವರದಿ ಮಾಡಿದ್ದು 2012ರಲ್ಲಿ. ಡಿಜಿಎಟಿ-1 ಇಲ್ಲದ ಇಲಿಗಳು ಮಾತ್ರ ಅದಕ್ಕೂ ಬಹಳ ಮೊದಲಿನಿಂದ ಪ್ರಯೋಗಾಲಯಗಳಲ್ಲಿ ಭೇದಿಯಿಲ್ಲದೆ ಆರೋಗ್ಯವಾಗಿದ್ದವು, ಏಕೆಂದರೆ ಇಲಿಯ ಕರುಳಿನಲ್ಲಿ ಡಿಜಿಎಟಿ-2 ಧಾರಾಳವಾಗಿದ್ದು ನೆರವಿಗೆ ಬರುತ್ತದೆ, ಮನುಷ್ಯರ ಕರುಳಿನಲ್ಲಿ ಆ ನೆರವು ಇಲ್ಲ. ಸ್ಥೂಲಕಾಯ ಮತ್ತು ರಕ್ತದ ಟ್ರೈಗ್ಲಿಸರೈಡ್ ಏರಿಕೆಗೆ ಔಷಧಿಯಾಗಲೆಂದು ತಯಾರಿಸಿದ ಡಿಜಿಎಟಿ-1 ತಡೆಕಾರಿಗಳು ಮನುಷ್ಯರಲ್ಲಿ ಭೇದಿ ತಂದದ್ದಕ್ಕೂ ಇದನ್ನೇ ಮುಖ್ಯ ಕಾರಣವೆಂದು ಭಾವಿಸಲಾಗುತ್ತದೆ.

ತಪಾಸಣೆಯ ಕ್ರಮ ಹೀಗೆ. ಮೊದಲು ನಿರ್ಜಲೀಕರಣ ಮತ್ತು ಲವಣಾಂಶಗಳ ಏರುಪೇರನ್ನು ಸರಿಪಡಿಸಬೇಕು. ಇದು ಆಸ್ಪತ್ರೆಯ ಕೆಲಸ. ನಂತರ ಸೋಂಕು ಮತ್ತು ಹಸುವಿನ ಹಾಲಿನ ಪ್ರೋಟೀನಿನ ಅಲರ್ಜಿಯನ್ನು ಪರಿಗಣಿಸಬೇಕು, ಏಕೆಂದರೆ ಇವು ಕಿಣ್ವದ ಕೊರತೆಗಿಂತ ಎಷ್ಟೋ ಪಾಲು ಸಾಮಾನ್ಯ. ಮಲದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ರಕ್ತದ ಪ್ರೋಟೀನು ಏರಿದ್ದರೆ ಪ್ರೋಟೀನು ಕರುಳಿನಿಂದಲೇ ಸೋರುತ್ತಿದೆ ಎಂದು ಖಚಿತವಾಗುತ್ತದೆ. ಆದರೆ ಊತವಿರುವ ಮಗುವಿನ ಮೂತ್ರದಲ್ಲಿ ಪ್ರೋಟೀನು ಹೋಗುತ್ತಿಲ್ಲವೆಂಬುದನ್ನು ಅದಕ್ಕೂ ಮೊದಲು ನೋಡಿಕೊಳ್ಳಬೇಕು, ಅದು ಕೆಲವೇ ನಿಮಿಷಗಳ ಪರೀಕ್ಷೆ. ಆಸ್ಪತ್ರೆಯಲ್ಲಿ ಬಾಯಿಯ ಆಹಾರವನ್ನು ನಿಲ್ಲಿಸಿ ರಕ್ತನಾಳದ ಮೂಲಕ ಪೋಷಣೆ ಕೊಟ್ಟಾಗ ಭೇದಿ ನಿಂತು, ಕೊಬ್ಬಿರುವ ಹಾಲು ಶುರು ಮಾಡಿದೊಡನೆ ಮರುಕಳಿಸಿದರೆ ಸುಳಿವು ಬಲವಾಗುತ್ತದೆ. ರಕ್ತನಾಳಕ್ಕೆ ಕೊಟ್ಟ ಕೊಬ್ಬು ಕರುಳಿನ ಕೋಶವನ್ನು ಹಾದುಹೋಗಬೇಕಿಲ್ಲವಾದ್ದರಿಂದ ಅದನ್ನು ಮಗು ತಾಳಿಕೊಳ್ಳುತ್ತದೆ.

ಮನೆಯಲ್ಲಿ ಶಿಶುವಿನ ಹಾಲಿನಿಂದ ಕೊಬ್ಬು ತೆಗೆದು ನೋಡುವ ಪ್ರಯೋಗ ಖಂಡಿತ ಬೇಡ. ಮೆದುಳು ಬೆಳೆಯುವ ವಯಸ್ಸಿನಲ್ಲಿ ಕೊಬ್ಬಿನ ಕಡಿತಕ್ಕೆ ಆಹಾರ ತಜ್ಞರ ಲೆಕ್ಕಾಚಾರ ಬೇಕು. ಲಿನೋಲೆಯಿಕ್ ಮತ್ತು ಲಿನೋಲೆನಿಕ್ ಆಮ್ಲಗಳನ್ನು ದೇಹ ತಾನಾಗಿ ತಯಾರಿಸಿಕೊಳ್ಳಲಾರದು.

ಲಕ್ಷಣ: ಮಲ ಜಿಡ್ಡಾಗಿದೆ, ಮಗು ಬೆಳೆಯುತ್ತಿಲ್ಲ, ರಕ್ತದಲ್ಲಿ ಕೊಲೆಸ್ಟ್ರಾಲ್ ತೀರಾ ಕಡಿಮೆ

ಕೊಲೆಸ್ಟ್ರಾಲ್ ಕಡಿಮೆ ಎಂದು ವರದಿ ಬಂದರೆ ಯಾರೂ ಚಿಂತಿಸುವುದಿಲ್ಲ, ಅದೇ ಇಲ್ಲಿನ ಅಪಾಯ. ಹೇರುವ ಮತ್ತು ಕಳುಹಿಸುವ ಠಾಣೆಗಳ ದೋಷವನ್ನು ಹಿಡಿಯಲು ಉಪವಾಸದಲ್ಲಿ ರಕ್ತದ ಕೊಬ್ಬುಗಳನ್ನು ಅಳೆಯುವ ಲಿಪಿಡ್ ಪರೀಕ್ಷೆಗಿಂತ ಅಗ್ಗದ ಉಪಾಯ ಇನ್ನೊಂದಿಲ್ಲ, ಮತ್ತು ಬೆಳೆಯದ ಮಗುವಿಗೆ ಅದನ್ನು ಮಾಡಿಸಲು ಮರೆಯುವುದೇ ಹೆಚ್ಚು.

ಕೊಲೆಸ್ಟ್ರಾಲ್, ಟ್ರೈಗ್ಲಿಸರೈಡ್ ಎರಡೂ ಅತಿ ಕಡಿಮೆಯಿದ್ದು, ಎಲ್‌ಡಿಎಲ್ ಎಂಬ ಕೊಲೆಸ್ಟ್ರಾಲ್ ಸಾಗಿಸುವ ಕಣಗಳು ಮತ್ತು ಅಪೋ-ಬಿ ಹೆಚ್ಚುಕಡಿಮೆ ಇಲ್ಲವೇ ಇಲ್ಲ ಎಂಬಂತಿದ್ದರೆ ಅಬೀಟಾಲಿಪೋಪ್ರೋಟೀನೀಮಿಯಾ ಇರಬಹುದು. 1950ರಲ್ಲಿ ಬ್ಯಾಸೆನ್ ಮತ್ತು ಕಾರ್ನ್‌ಜ್ವೈಗ್ ವರ್ಣಿಸಿದ ಈ ರೋಗದ ಮೂಲ ಎಂಟಿಪಿ ಎಂಬುದು 1992ರಲ್ಲಿ ಬಯಲಾಯಿತು. ಇಲ್ಲಿ ಡಿಜಿಎಟಿ ತನ್ನ ಕೆಲಸ ಮುಗಿಸಿರುತ್ತದೆ, ಟ್ರೈಗ್ಲಿಸರೈಡ್ ತಯಾರಾಗಿರುತ್ತದೆ, ಆದರೆ ಹೇರುವವರಿಲ್ಲದೆ ಅದು ಕೋಶದಲ್ಲೇ ರಾಶಿ ಬೀಳುತ್ತದೆ. ರಕ್ತದ ಲೇಪನವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕೆಂಪು ರಕ್ತಕಣಗಳು ಮುಳ್ಳುಮುಳ್ಳಾಗಿ ಕಾಣುತ್ತವೆ. ಇದೂ ಅಗ್ಗದ ಪರೀಕ್ಷೆಯೇ. ತಂದೆತಾಯಿಯರ ಲಿಪಿಡ್ ಪರೀಕ್ಷೆಯನ್ನೂ ಮಾಡಿಸಬೇಕು: ಅವರ ಅಂಕಿಗಳು ಸಹಜವಾಗಿದ್ದರೆ ಎಂಟಿಪಿ ದೋಷಕ್ಕೆ ಹೊಂದುತ್ತದೆ, ಅವರಲ್ಲೂ ಎಲ್‌ಡಿಎಲ್ ಸುಮಾರು ಅರ್ಧಕ್ಕಿಳಿದಿದ್ದರೆ ಅಪೋ-ಬಿ ವಂಶವಾಹಿಯ ದೋಷವನ್ನು ಅನುಮಾನಿಸಬೇಕು.

ಎಲ್‌ಡಿಎಲ್ ಮತ್ತು ಎಚ್‌ಡಿಎಲ್ ಎರಡೂ ಸುಮಾರು ಅರ್ಧಕ್ಕೆ ಇಳಿದಿದ್ದು, ಉಪವಾಸದ ಟ್ರೈಗ್ಲಿಸರೈಡ್ ಮಾತ್ರ ಸಹಜವಾಗಿದ್ದರೆ ಅದು ಕಳುಹಿಸುವ ಠಾಣೆಯ ದೋಷದ ಮುದ್ರೆ. ಷಾರ್ಲಟ್ ಆಂಡರ್ಸನ್ 1961ರಲ್ಲಿ ವರ್ಣಿಸಿದ್ದರಿಂದ ಇದಕ್ಕೆ ಆಂಡರ್ಸನ್ ರೋಗವೆಂದೂ ಕೈಲೋಮೈಕ್ರಾನ್ ತಡೆಹಿಡಿತದ ರೋಗವೆಂದೂ ಹೆಸರು. ತಯಾರಾದ ಕಣವನ್ನು ಜಾಲದಿಂದ ಗಾಲ್ಗಿಗೆ ಒಯ್ಯುವ ಕೋಶಿಕೆಗೆ ಬೇಕಾದ ಎಸ್‌ಎಆರ್1ಬಿ ಎಂಬ ಪ್ರೋಟೀನು ಇಲ್ಲಿ ಕೆಟ್ಟಿರುತ್ತದೆ; ಅದರ ವಂಶವಾಹಿ 2003ರಲ್ಲಿ ಪತ್ತೆಯಾಯಿತು. ಸ್ನಾಯುವಿನ ಕಿಣ್ವವಾದ ಸಿಕೆ ಏರಿದ್ದರೆ ಈ ಅನುಮಾನಕ್ಕೆ ಇನ್ನಷ್ಟು ಪುಷ್ಟಿ.

ಈ ಎರಡೂ ರೋಗಗಳಲ್ಲಿ ತಡವಾದರೆ ತೆರಬೇಕಾದ ಬೆಲೆಯನ್ನು ಕರುಳಿಗಿಂತ ನರಗಳು ಮತ್ತು ಕಣ್ಣು ತೆರುತ್ತವೆ. ಕೊಬ್ಬಿನ ಜೊತೆಗೇ ಸಾಗುವ ಎ, ಡಿ, ಇ, ಕೆ ವಿಟಮಿನ್‌ಗಳು ದೇಹಕ್ಕೆ ಸೇರದೆ ಹೋಗುತ್ತವೆ. ಇರುಳುಗುರುಡು, ಮೊಣಕಾಲಿನ ಪ್ರತಿವರ್ತನೆ ಇಲ್ಲವಾಗುವುದು, ನಡಿಗೆ ತೂರಾಡುವುದು, ಇವು ಕಾಣಿಸಿಕೊಂಡರೆ ವಿಟಮಿನ್ ಇ ಕೊರತೆ ನರಗಳನ್ನು ಆಗಲೇ ಮುಟ್ಟಿದೆ ಎಂದರ್ಥ. ವಂಶವಾಹಿ ಪರೀಕ್ಷೆಯ ಫಲಿತಾಂಶಕ್ಕೆ ಕಾಯುತ್ತಾ ವಿಟಮಿನ್ ಕೊಡುವುದನ್ನು ಮುಂದೂಡಬಾರದು. ಆದರೆ ಬೇಕಾಗುವ ಪ್ರಮಾಣ ಸಾಮಾನ್ಯ ಮಾತ್ರೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚಿದ್ದು, ಎ ಮತ್ತು ಡಿ ಅತಿಯಾದರೆ ವಿಷವಾಗುವುದರಿಂದ ರಕ್ತದ ಮಟ್ಟ ಅಳೆಯುತ್ತಲೇ ಕೊಡಬೇಕು.

ಲಕ್ಷಣ: ಕಾಲುಗಳಲ್ಲಿ ಊತ, ಆದರೆ ಲಿಂಫೋಸೈಟ್‌ಗಳೂ ಕಡಿಮೆ

ಪ್ರೋಟೀನು ಸೋರುತ್ತಿದ್ದು, ರಕ್ತದಲ್ಲಿ ಲಿಂಫೋಸೈಟ್ ಎಂಬ ಬಿಳಿ ಕಣಗಳೂ ಇಳಿದಿದ್ದರೆ ಕೋಶದ ಆಚೆಗಿನ ದುಗ್ಧನಾಳಗಳು ಹಿಗ್ಗಿ ಸೋರುತ್ತಿರಬಹುದು. ಇಲ್ಲಿ ಕಟ್ಟುವ, ಹೇರುವ, ಕಳುಹಿಸುವ ಮೂರೂ ಠಾಣೆಗಳು ಸರಿ; ರಸ್ತೆ ಕೆಟ್ಟಿದೆ. ಹೃದಯದ ಹೊರಕವಚ ಬಿಗಿದುಕೊಂಡಿರುವುದೂ ಇದೇ ಚಿತ್ರವನ್ನು ಕೊಡುವುದರಿಂದ ಹೃದಯದ ಎಕೋ ಪರೀಕ್ಷೆಯನ್ನು ಮರೆಯಬಾರದು.

ಬಯಾಪ್ಸಿಯವರೆಗೆ ಬಂದಾಗ: ಕೊಬ್ಬು ಕೋಶದ ಯಾವ ಭಾಗದಲ್ಲಿದೆ?

ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ಮೇಲ್ಭಾಗ ಇಬ್ಬನಿ ಬಿದ್ದಂತೆ ಬೆಳ್ಳಗೆ ಕಂಡರೆ ಕೋಶಗಳಲ್ಲಿ ಕೊಬ್ಬು ತುಂಬಿಕೊಂಡಿದೆ ಎಂದು ಅನುಮಾನಿಸಬೇಕು. ಆದರೆ ಊಟ ಮಾಡಿದ ಆರೋಗ್ಯವಂತರ ಕೋಶಗಳಲ್ಲೂ ಕೊಬ್ಬು ಇರುತ್ತದೆ. ಆದ್ದರಿಂದ ರಾತ್ರಿಯ ಉಪವಾಸದ ನಂತರ ತೆಗೆದ ಮಾದರಿಗೆ ಮಾತ್ರ ಅರ್ಥವಿದೆ. ಸಹಜ ಕೋಶ ಅಷ್ಟರಲ್ಲಿ ತನ್ನ ಸರಕನ್ನೆಲ್ಲ ಸಾಗಿಸಿ ಬರಿದಾಗಿರುತ್ತದೆ.

ಎರಡನೆಯ ಎಚ್ಚರಿಕೆ ಪ್ರಯೋಗಾಲಯಕ್ಕೆ ಸಂಬಂಧಿಸಿದ್ದು. ಮಾಮೂಲಿ ಮೇಣದ ಅಚ್ಚಿನ ವಿಧಾನದಲ್ಲಿ ಬಳಸುವ ಆಲ್ಕೋಹಾಲ್ ಮತ್ತು ಜೈಲೀನ್ ಕೊಬ್ಬನ್ನು ಕರಗಿಸಿ ತೊಳೆದುಬಿಡುತ್ತವೆ. ಉಳಿಯುವುದು ಖಾಲಿ ಗುಳ್ಳೆಗಳು. ಕೊಬ್ಬನ್ನೇ ನೋಡಬೇಕಾದರೆ ಹೆಪ್ಪುಗಟ್ಟಿಸಿದ ತುಣುಕಿಗೆ ಆಯಿಲ್ ರೆಡ್-ಓ ಬಣ್ಣ ಹಾಕಬೇಕು, ಎಲ್ಲಿದೆ ಎಂದು ನೋಡಬೇಕಾದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕಾಗಿ ಒಂದು ತುಣುಕನ್ನು ಬೇರೆಯೇ ತೆಗೆದಿಡಬೇಕು. ಈ ಕೋರಿಕೆಯನ್ನು ಎಂಡೋಸ್ಕೋಪಿಗೆ ಮುನ್ನವೇ ತಿಳಿಸಬೇಕಾಗುತ್ತದೆ, ಮಾದರಿ ಫಾರ್ಮಲಿನ್ ಸೀಸೆಗೆ ಬಿದ್ದು ಮೇಣಕ್ಕೆ ಹೋದ ಮೇಲೆ ಕೇಳಿ ಪ್ರಯೋಜನವಿಲ್ಲ.

ಎಂಟಿಪಿ ದೋಷದಲ್ಲಿ ಕೊಬ್ಬಿನ ಹನಿಗಳು ಬಹುಮಟ್ಟಿಗೆ ಕೋಶದ್ರವದಲ್ಲಿ ಬಿಡಿಯಾಗಿ ಕಾಣುತ್ತವೆ. ಜಾಲದ ಮತ್ತು ಗಾಲ್ಗಿಯ ಒಳಗೆ ಸಾಗಣೆ ಕಣಗಳು ಇರುವುದಿಲ್ಲ. ಎಸ್‌ಎಆರ್1ಬಿ ದೋಷದಲ್ಲಿ ಹನಿಗಳ ಜೊತೆಗೆ ಕೈಲೋಮೈಕ್ರಾನ್ ಗಾತ್ರದ ಕಣಗಳು ಪೊರೆಯ ಚೀಲಗಳಲ್ಲಿ ಸಿಕ್ಕಿಬಿದ್ದಿರುತ್ತವೆ, ಆದರೆ ಕೋಶಗಳ ನಡುವಿನ ಸಂದು ಖಾಲಿ. ಡಿಜಿಎಟಿ-1 ದೋಷದಲ್ಲಿ ಚಿತ್ರ ತಿರುಗಿಬೀಳುತ್ತದೆ: ರೋಗಿಗಳ ಕರುಳಿನ ಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಒಲೆಯಿಕ್ ಆಮ್ಲ ಉಣಿಸಿದಾಗ ಕೊಬ್ಬಿನ ಹನಿಗಳು ಸಹಜಕ್ಕಿಂತ ಕಡಿಮೆ ರೂಪುಗೊಂಡವು. ಮಾಮೂಲಿ ಬಯಾಪ್ಸಿ ಬಹುತೇಕ ಸಹಜವೆಂದೇ ವರದಿಯಾಗಬಹುದು. ಆದ್ದರಿಂದ ಶಿಶುವಿನ ಭೇದಿ ಮತ್ತು ಪ್ರೋಟೀನು ಸೋರಿಕೆ ಎದ್ದು ಕಾಣುತ್ತಿರುವಾಗ ಸಹಜ ಬಯಾಪ್ಸಿಯನ್ನು ನೋಡಿ ಕಿಣ್ವದ ದೋಷವಿಲ್ಲವೆಂದು ಕಡತ ಮುಚ್ಚಬಾರದು. ಅಲ್ಲಿಂದ ನೇರ ವಂಶವಾಹಿ ಪರೀಕ್ಷೆಗೆ ಹೋಗುವುದೇ ಸರಿಯೆಂದು ನನ್ನ ಅಭಿಪ್ರಾಯ.

ಮಧ್ಯಮ ಸರಪಳಿಯ ಕೊಬ್ಬನ್ನು ಕೊಟ್ಟು ನೋಡುವುದು

ಎಂಟು ಅಥವಾ ಹತ್ತು ಇಂಗಾಲಗಳ ಕೊಬ್ಬಿನಾಮ್ಲಗಳು ಮತ್ತೆ ಕಟ್ಟಲ್ಪಡದೆ, ಕೈಲೋಮೈಕ್ರಾನ್ ಏರದೆ, ಹೆಚ್ಚಾಗಿ ನೇರವಾಗಿ ರಕ್ತದ ಮೂಲಕ ಯಕೃತ್ತಿಗೆ ಹೋಗುತ್ತವೆ. ಕೋಶದೊಳಗಿನ ಮೂರೂ ಠಾಣೆಗಳನ್ನು ತಪ್ಪಿಸಿ ಹೋಗುವ ದಾರಿಯಾದ್ದರಿಂದ ಇವುಗಳಿಂದ ತಯಾರಿಸಿದ ಎಂಸಿಟಿ ಎಣ್ಣೆ ಚಿಕಿತ್ಸೆಯಲ್ಲಿ ಉಪಯೋಗಕ್ಕೆ ಬರುತ್ತದೆ. ಆದರೆ ಮಗು ಎಂಸಿಟಿಯಲ್ಲಿ ಸುಧಾರಿಸಿತು ಎಂಬ ಮಾತ್ರಕ್ಕೆ ದೋಷ ಕೋಶದೊಳಗೇ ಇದೆ ಎಂದಾಗುವುದಿಲ್ಲ. ಪಿತ್ತರಸದ ಕೊರತೆಯಲ್ಲೂ ದುಗ್ಧನಾಳದ ರೋಗದಲ್ಲೂ ಅದು ಸಹಾಯ ಮಾಡುತ್ತದೆ. ತೆಂಗಿನೆಣ್ಣೆ ಎಂಸಿಟಿ ಎಣ್ಣೆಗೆ ಬದಲಿಯಲ್ಲ, ಅದರಲ್ಲಿ ಹೆಚ್ಚಿರುವ ಲಾರಿಕ್ ಆಮ್ಲ ಹನ್ನೆರಡು ಇಂಗಾಲಗಳದ್ದು ಮತ್ತು ಬಹುಪಾಲು ಉದ್ದ ಸರಪಳಿಯ ದಾರಿಯನ್ನೇ ಹಿಡಿಯುತ್ತದೆ. ಅಬೀಟಾಲಿಪೋಪ್ರೋಟೀನೀಮಿಯಾದಲ್ಲಿ ಎಂಸಿಟಿಯಿಂದ ಯಕೃತ್ತಿಗೆ ಹಾನಿಯಾಗುವ ಆತಂಕವಿರುವುದರಿಂದ ರೋಗ ನಿರ್ಣಯಕ್ಕೆ ಮೊದಲೇ ಅದನ್ನು ಧಾರಾಳವಾಗಿ ಸುರಿಯುವುದು ಬೇಡ.

ತಜ್ಞರನ್ನು ಕಾಣುವಾಗ

ಎರಡು ವಾರಗಳ ಆಹಾರ ಮತ್ತು ಮಲದ ದಿನಚರಿ, ಔಷಧಿಗಳ ಪಟ್ಟಿ, ಹುಟ್ಟಿನಿಂದ ಇಲ್ಲಿಯವರೆಗಿನ ತೂಕದ ದಾಖಲೆ, ಉಪವಾಸದ ಲಿಪಿಡ್ ವರದಿ, ಆಲ್ಬುಮಿನ್ ಮತ್ತು ವಿಟಮಿನ್ ಮಟ್ಟಗಳು, ಇಷ್ಟು ಕೈಯಲ್ಲಿದ್ದರೆ ತಜ್ಞರು ಅರ್ಧ ದಾರಿಯನ್ನು ಒಂದೇ ಭೇಟಿಯಲ್ಲಿ ಕ್ರಮಿಸಬಲ್ಲರು. ಭೇದಿ ಯಾವ ದಿನ ಶುರುವಾಯಿತು, ಆ ದಿನ ಮಗುವಿನ ಆಹಾರದಲ್ಲಿ ಏನು ಬದಲಾಗಿತ್ತು ಎಂಬುದನ್ನು ಬರೆದಿಟ್ಟುಕೊಂಡಿರುವುದು ಎಷ್ಟೋ ಸಲ ದುಬಾರಿ ಪರೀಕ್ಷೆಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಂದೆತಾಯಿಯರು ರಕ್ತಸಂಬಂಧಿಗಳೇ, ಹಿಂದೆ ಯಾವುದಾದರೂ ಮಗು ಹೀಗೆಯೇ ಭೇದಿಯಿಂದ ತೀರಿಕೊಂಡಿತ್ತೇ ಎಂಬ ಪ್ರಶ್ನೆಗಳನ್ನು ವೈದ್ಯರು ಕೇಳುವುದು ಕುತೂಹಲಕ್ಕಲ್ಲ. ಡಿಜಿಎಟಿ-1, ಎಂಟಿಪಿ, ಎಸ್‌ಎಆರ್1ಬಿ ಮೂರರ ದೋಷವೂ ತಾಯಿಯಿಂದ ಒಂದು, ತಂದೆಯಿಂದ ಒಂದು ಕೆಟ್ಟ ಪ್ರತಿ ಸೇರಿದಾಗ ಮಾತ್ರ ಪ್ರಕಟವಾಗುತ್ತದೆ; ಒಂದು ಮಗುವಿನಲ್ಲಿ ಅದು ಖಚಿತವಾದ ದಂಪತಿಗೆ ಮುಂದಿನ ಪ್ರತಿ ಗರ್ಭದಲ್ಲೂ ಶೇಕಡಾ 25ರಷ್ಟು ಸಾಧ್ಯತೆ ಇರುತ್ತದೆ, ಮತ್ತು ಆ ಮಾತನ್ನು ಮುಂದಿನ ಗರ್ಭಕ್ಕೆ ಮೊದಲೇ ಆಡಬೇಕು.